ಬಿಸಿಲಿದೆ, ಸುದ್ದಿಯಿಲ್ಲ: ಸೌರ ಇನ್ವರ್ಟರ್ ಸಂಪರ್ಕ ಕಡಿದಾಗ ನೋಡಬೇಕಾದ ಸಂಗತಿಗಳು



2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಿ.ಎಂ. ಸೂರ್ಯಘರ್ ಯೋಜನೆಯನ್ನು ಜಾರಿಗೆ ತಂದು, ಮನೆಯ ಚಾವಣಿಯ ಸೌರ ಸ್ಥಾವರಕ್ಕೆ 2 ಕಿಲೋವಾಟ್‌ವರೆಗೆ ಕಿಲೋವಾಟಿಗೆ 30,000 ರೂಪಾಯಿಯಂತೆ, 3 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಿತು. ಅಲ್ಲಿಂದ ಈಚೆಗೆ ಶೀಳನೆರೆ ಹೋಬಳಿಯ ತೆಂಗು-ಅಡಿಕೆ ತೋಟದ ಮನೆಗಳಲ್ಲಿಯೂ, ಮೇಲಿನ ಸಕಲೇಶಪುರ, ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರ ಮನೆಗಳಲ್ಲಿಯೂ ಸೌರಫಲಕಗಳು ಕಾಣಿಸಿಕೊಳ್ಳುತ್ತಿವೆ. ಅದರ ಬೆನ್ನಿಗೇ ಇನ್ನೊಂದು ವ್ಯವಸ್ಥೆಯೂ ಬಂದಿದೆ. ಬೆಂಗಳೂರಿನಲ್ಲಿ ಕೆಲಸಮಾಡುವ ಮಗನೋ ಅಳಿಯನೋ ರಜೆಗೆ ಬಂದಾಗ ಒಂದು ಪುಟ್ಟ ಕಂಪ್ಯೂಟರನ್ನು ಮನೆಯಲ್ಲಿ ಕೂರಿಸಿ, ಅದರಲ್ಲಿ ಹೋಮ್ ಅಸಿಸ್ಟೆಂಟ್‌ನಂಥ ಉಚಿತ ತಂತ್ರಾಂಶವನ್ನು ಹಾಕಿ, ಬಿಸಿಲಿನ ವಿದ್ಯುತ್ತು ಹೆಚ್ಚಾಗಿರುವಾಗ ತೊಟ್ಟಿಗೆ ನೀರು ತುಂಬುವ ಮೋಟಾರು, ಗೀಸರು, ಒಣಗಿಸುವ ಮನೆಯ ಫ್ಯಾನು ತಾವಾಗಿಯೇ ಓಡುವಂತೆ ಮಾಡಿ ಹೋಗುತ್ತಾರೆ. ಏರ್ಪಾಡು ಒಳ್ಳೆಯದೇ. ಆದರೆ ಅವರು ಊರು ಬಿಟ್ಟ ಮರುವಾರವೇ ‘ಇನ್ವರ್ಟರ್ ಸಂಪರ್ಕ ತಪ್ಪಿದೆ’ ಎಂಬ ಬರಹ ಪರದೆಯ ಮೇಲೆ ಬರತೊಡಗುತ್ತದೆ. ಕಚೇರಿಗೆ ಬರುವ ಸದಸ್ಯರು ಗೊಬ್ಬರದ ವಿಚಾರ ಮುಗಿಸಿ ಈ ಮಾತನ್ನು ಎತ್ತುವುದು ಈಗ ಅಪರೂಪವಲ್ಲ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ಬರೆಯುವುದು ಉಪಯುಕ್ತವೆಂದು ತೋರಿತು.

ಮೊದಲು ಒಂದು ಮಾತು. ನಮ್ಮಲ್ಲಿ ‘ಇನ್ವರ್ಟರ್’ ಎಂದರೆ ಕರೆಂಟು ಹೋದಾಗ ದೀಪ ಉರಿಸುವ ಬ್ಯಾಟರಿ ಪೆಟ್ಟಿಗೆ ಎಂದೇ ರೂಢಿ. ಇಲ್ಲಿ ಹೇಳುತ್ತಿರುವುದು ಅದಲ್ಲ, ಫಲಕಗಳ ಡಿ.ಸಿ. ವಿದ್ಯುತ್ತನ್ನು ಎ.ಸಿ.ಯಾಗಿ ಬದಲಿಸಿ ಮನೆಗೂ, ಮಿಕ್ಕಿದ್ದನ್ನು ಲೈನಿಗೂ ಕೊಡುವ ಸೌರ ಇನ್ವರ್ಟರ್.

ನಿಂತದ್ದು ವಿದ್ಯುತ್ತೋ, ಸುದ್ದಿಯೋ?

ಸಂಪರ್ಕ ತಪ್ಪಿತೆಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ವಿದ್ಯುತ್ತು ಫಲಕದಿಂದ ಇನ್ವರ್ಟರಿಗೆ, ಅಲ್ಲಿಂದ ಮೀಟರಿಗೆ ಒಂದು ದಾರಿಯಲ್ಲಿ ಹೋಗುತ್ತದೆ. ಅದರ ಸುದ್ದಿಯು ಇನ್ವರ್ಟರಿನಿಂದ ವೈಫೈ ತುಣುಕಿಗೆ, ಅಲ್ಲಿಂದ ರೂಟರಿಗೆ, ರೂಟರಿನಿಂದ ಮನೆಯ ಕಂಪ್ಯೂಟರಿಗೆ ಬೇರೊಂದು ದಾರಿಯಲ್ಲಿ ಹೋಗುತ್ತದೆ. ಎರಡನೆಯ ದಾರಿ ಕಡಿದ ಮಾತ್ರಕ್ಕೆ ಮೊದಲನೆಯದು ನಿಂತಿರಬೇಕಾಗಿಲ್ಲ. ಇನ್ವರ್ಟರಿನ ಎದುರಿಗೆ ನಿಂತು ಅದರ ದೀಪವನ್ನೋ ಪರದೆಯನ್ನೋ ನೋಡಿರಿ. ಬಳಿಕ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಎರಡು ದಿಕ್ಕಿನ ಮೀಟರನ್ನು ನೋಡಿರಿ. ಅವು ಸರಿಯಾಗಿದ್ದರೆ ನಷ್ಟವೇನೂ ಆಗುತ್ತಿಲ್ಲ. ಬಿಲ್ಲಿನ ಲೆಕ್ಕ ನಡೆಯುವುದು ಮೀಟರಿನಿಂದಲೇ ಹೊರತು ಫೋನಿನ ಆ್ಯಪ್‌ನಿಂದ ಅಲ್ಲ. ಇಷ್ಟನ್ನು ನೋಡದೆ ಹಾಕಿಕೊಟ್ಟವರನ್ನು ಕರೆಸುವುದು ಇಬ್ಬರಿಗೂ ದಂಡ.

ವೇಳೆಯನ್ನು ಬರೆದಿಡಿ

ಮಳೆಯ ಲೆಕ್ಕವನ್ನು ದಿನವೂ ಪುಸ್ತಕದಲ್ಲಿ ಬರೆಯುವ ಅಭ್ಯಾಸ ನಮಗೆ ಹೊಸದಲ್ಲ. ಅದೇ ಪುಸ್ತಕದಲ್ಲಿ ಒಂದು ವಾರ, ಸಂಪರ್ಕ ಯಾವ ಹೊತ್ತಿಗೆ ತಪ್ಪಿತು, ಯಾವಾಗ ಬಂತು, ಆಗ ಕರೆಂಟು ಇತ್ತೇ, ಬಿಸಿಲಿತ್ತೇ, ಮಳೆಯಿತ್ತೇ ಎಂದು ಗುರುತು ಹಾಕಿರಿ. ರೋಗದ ಅರ್ಧ ಪತ್ತೆ ಅಲ್ಲಿಯೇ ಆಗುತ್ತದೆ.

ದಿನವೂ ಸೂರ್ಯ ಮುಳುಗಿದ ಮೇಲೆ ತಪ್ಪಿ, ಬೆಳಗಾದೊಡನೆ ಬಂದರೆ ಅದು ರೋಗವೇ ಅಲ್ಲ. ಬ್ಯಾಟರಿಯಿಲ್ಲದ ಅನೇಕ ಇನ್ವರ್ಟರುಗಳು ತಮಗೆ ಬೇಕಾದ ವಿದ್ಯುತ್ತನ್ನು ಫಲಕದಿಂದಲೇ ಪಡೆಯುತ್ತವೆ. ಕತ್ತಲಾದರೆ ಅವು ಮಲಗುತ್ತವೆ, ಅವುಗಳ ವೈಫೈ ತುಣುಕೂ ಮಲಗುತ್ತದೆ. ಈ ಹೊತ್ತಿನಲ್ಲಿ ಎಚ್ಚರಿಕೆಯ ಸಂದೇಶ ಬಾರದಂತೆ ಕಂಪ್ಯೂಟರಿನಲ್ಲಿ ಸೂರ್ಯಾಸ್ತದ ನಿಯಮವನ್ನು ಸೇರಿಸಿದರೆ ಸಾಕು.

ಮಳೆಗಾಲದ ಬೆಳಗಿನಲ್ಲಿ ಎಷ್ಟು ಹೊತ್ತಾದರೂ ಏಳದಿದ್ದರೆ ಸಂಗತಿ ಬೇರೆ. ಇನ್ವರ್ಟರು ಕೆಲಸ ಶುರುಮಾಡುವ ಮೊದಲು ಫಲಕದ ತಂತಿಗಳಿಂದ ಭೂಮಿಗೆ ವಿದ್ಯುತ್ತು ಸೋರುತ್ತಿದೆಯೇ ಎಂದು ಪರೀಕ್ಷಿಸುತ್ತದೆ. ಜೋಡಣೆಯೊಳಗೆ ನೀರು ಹೋಗಿದ್ದರೆ, ಅಳಿಲು ತಂತಿ ಕಡಿದಿದ್ದರೆ ಅದು ಓಡಲು ಒಪ್ಪುವುದಿಲ್ಲ. ಇದನ್ನು ಸ್ವಂತವಾಗಿ ಬಿಚ್ಚಿ ನೋಡಬಾರದು. ಮನೆಯ ಮೈನ್ ಆಫ್ ಮಾಡಿದರೂ ಬೆಳಕಿರುವ ತನಕ ಫಲಕದ ತಂತಿಯಲ್ಲಿ ನೂರಾರು ವೋಲ್ಟ್ ಇರಬಹುದು. ತಿಳಿದ ಕೆಲಸಗಾರರೇ ನೋಡಬೇಕಾದ ಜಾಗ ಅದು.

ನಡುಹಗಲಿನ ಕಡಿತ

ಹನ್ನೊಂದರಿಂದ ಎರಡು ಗಂಟೆಯವರೆಗೆ, ಬಿಸಿಲು ಚೆನ್ನಾಗಿರುವಾಗಲೇ ಪದೇ ಪದೇ ನಿಲ್ಲುತ್ತಿದ್ದರೆ ವೈಫೈಯನ್ನು ಬಿಟ್ಟು ವೋಲ್ಟೇಜನ್ನು ನೋಡಿರಿ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋದ ಕಾಲದಿಂದಲೂ ಲೈನುಗಳು ಉತ್ಪಾದನೆಯ ಕಡೆಯಿಂದ ಬಳಕೆದಾರನ ಕಡೆಗೆ ಸಾಗಿಸುವುದಕ್ಕೆಂದೇ ಕಟ್ಟಲ್ಪಟ್ಟವು. ಈಗ ಬಳಕೆದಾರನ ಚಾವಣಿಯಿಂದ ಲೈನಿಗೆ ವಿದ್ಯುತ್ತು ಹಿಂದಕ್ಕೆ ಹರಿಯುತ್ತದೆ. ಹಾಗೆ ಹರಿಯುವಾಗ ತಂತಿಯ ತಡೆಯಿಂದಾಗಿ ಮನೆಯ ಕಡೆಯ ವೋಲ್ಟೇಜು ಏರುತ್ತದೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಾವಳಿಯಂತೆ ವೋಲ್ಟೇಜು ಸಾಮಾನ್ಯ ಮಟ್ಟದ ಶೇಕಡ 80ರಿಂದ 110ರ ಮಿತಿಯನ್ನು ದಾಟಿದರೆ ಇಂಥ ಸ್ಥಾವರವು 2 ಸೆಕೆಂಡಿನೊಳಗೆ ಲೈನಿನಿಂದ ಕಳಚಿಕೊಳ್ಳಬೇಕು. ಮತ್ತೆ ಸೇರಬೇಕಾದರೆ ಲೈನು ಕನಿಷ್ಠ 60 ಸೆಕೆಂಡು ಸ್ಥಿರವಾಗಿರಬೇಕು. 230 ವೋಲ್ಟಿನ ಲೆಕ್ಕದಲ್ಲಿ ಈ ಮಿತಿ 184ರಿಂದ 253 ವೋಲ್ಟ್.

ಒಂದು ಲೆಕ್ಕ ಹಾಕೋಣ. 3 ಕಿಲೋವಾಟಿನ ಇನ್ವರ್ಟರು ಪೂರ್ಣ ಬಿಸಿಲಿನಲ್ಲಿ ಸುಮಾರು 13 ಆಂಪಿಯರ್ ಕೊಡುತ್ತದೆ. ಅದು ಒಣಗಿಸುವ ಮನೆಯ ಗೋಡೆಯ ಮೇಲಿದೆ, ಅಲ್ಲಿಂದ ಮೀಟರು 40 ಮೀಟರ್ ದೂರ, ನಡುವೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎನ್ನೋಣ. ಹೋಗಿಬರುವ 80 ಮೀಟರಿಗೆ ತಡೆ ಸುಮಾರು 0.59 ಓಮ್, ವೋಲ್ಟೇಜಿನ ಏರಿಕೆ 7.7 ವೋಲ್ಟ್. ಲೈನಿನಲ್ಲಿ 247 ವೋಲ್ಟ್ ಇದ್ದ ದಿನ ಇನ್ವರ್ಟರಿಗೆ ಕಾಣುವುದು 254.7, ಅದು ನಿಲ್ಲುತ್ತದೆ. ಅದೇ ಜಾಗದಲ್ಲಿ 6 ಚದರ ಮಿಲಿಮೀಟರಿನ ತಂತಿ ಇದ್ದರೆ ಏರಿಕೆ 3.2 ವೋಲ್ಟ್ ಮಾತ್ರ, 250.2ರಲ್ಲಿ ನೆಮ್ಮದಿಯಾಗಿ ಓಡುತ್ತದೆ. ತಂತಿ ದಪ್ಪವಾಗಿದ್ದೂ ವೋಲ್ಟೇಜು ಹೆಚ್ಚಿದ್ದರೆ, ಬರೆದಿಟ್ಟ ದಿನಾಂಕ, ವೇಳೆ, ವೋಲ್ಟೇಜುಗಳೊಡನೆ ನಿಗಮದ ಶಾಖಾ ಕಚೇರಿಗೆ ಅರ್ಜಿ ಕೊಡಬೇಕು. ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಿಸುವುದು ಅವರ ಕೈಯಲ್ಲಿದೆ. ಇನ್ವರ್ಟರಿನೊಳಗಿನ ಮಿತಿಯನ್ನು ಯಾರಿಂದಲೋ ಏರಿಸಿಕೊಳ್ಳುವುದು ಸಲ್ಲದು. ಆ ಮಿತಿ ಮನೆಯ ಉಪಕರಣಗಳ ರಕ್ಷಣೆಗೆ ಇರುವುದು. ಕರೆಂಟು ಹೋದೊಡನೆ ಇನ್ವರ್ಟರು ಕಳಚಿಕೊಳ್ಳುವುದಕ್ಕಂತೂ ಇನ್ನೂ ದೊಡ್ಡ ಕಾರಣವುಂಟು: ಆಗ ಕಂಬದ ಮೇಲೆ ಒಬ್ಬ ಲೈನ್‌ಮನ್ ಇರಬಹುದು.

ಕರೆಂಟು ಹೋಗಿ ಬಂದ ಮೇಲೆ

ಕರೆಂಟು ಬಂದರೂ ಸಂಪರ್ಕ ಬಾರದಿದ್ದರೆ ರೂಟರಿನ ಕಡೆ ನೋಡಬೇಕು. ರೂಟರು ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಕೊಡುತ್ತದೆ. ಕರೆಂಟು ಹೋಗಿ ಬಂದಾಗ ಆ ವಿಳಾಸ ಬದಲಾಗಬಹುದು. ಕಂಪ್ಯೂಟರು ಮಾತ್ರ ಹಳೆಯ ವಿಳಾಸಕ್ಕೇ ಕಾಗದ ಹಾಕುತ್ತಿರುತ್ತದೆ. ರೂಟರಿನಲ್ಲಿ ಇನ್ವರ್ಟರಿನ ವಿಳಾಸವನ್ನು ಖಾಯಂ ಮಾಡಿಸಿದರೆ ಈ ತೊಂದರೆ ತೀರುತ್ತದೆ. ರೂಟರಿಗೂ ಕಂಪ್ಯೂಟರಿಗೂ ಒಂದು ಸಣ್ಣ ಬ್ಯಾಟರಿ ಪೆಟ್ಟಿಗೆ ಇದ್ದರೆ ಇನ್ನೂ ಮೇಲು.

ಯಾವ ಹೊತ್ತಿಗೆಂದಿಲ್ಲದೆ ಐದು ಹತ್ತು ನಿಮಿಷ ತಪ್ಪುತ್ತಿದ್ದರೆ ವೈಫೈ ದುರ್ಬಲವಾಗಿದೆಯೆಂದು ತಿಳಿಯಬಹುದು. ಹೆಚ್ಚಿನ ಇನ್ವರ್ಟರ್ ತುಣುಕುಗಳು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಮಾತಾಡುತ್ತವೆ. ರೂಟರು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಇಟ್ಟಿದ್ದರೆ ಕೆಲವು ತುಣುಕುಗಳು ತಡವರಿಸುತ್ತವೆ, 2.4ಕ್ಕೆ ಬೇರೆ ಹೆಸರು ಕೊಡಿರಿ. ಹಳೆಯ ತೊಟ್ಟಿಮನೆಯ ಎರಡಡಿ ದಪ್ಪದ ಗೋಡೆ, ತಗಡಿನ ಮಾಡು, ನೀರು ತುಂಬಿದ ತೊಟ್ಟಿ ಇವೆಲ್ಲ ವೈಫೈಗೆ ಅಡ್ಡಿ. ಸಂಕೇತದ ಬಲ ಮೈನಸ್ 67 ಡಿಬಿಎಂ ಸುತ್ತಮುತ್ತ ಇದ್ದರೆ ಚಿಂತೆಯಿಲ್ಲ; ಮೈನಸ್ 80ರ ಆಚೆಗೆ ಹೋದರೆ ಭರವಸೆಯಿಲ್ಲ.

ಒಬ್ಬನೇ ಕೇಳಬೇಕು, ನಿಧಾನವಾಗಿ ಕೇಳಬೇಕು

ವೈಫೈ ಚೆನ್ನಾಗಿದ್ದೂ ತಪ್ಪುತ್ತಿರುವ ಮನೆಗಳೂ ಇವೆ. ಅಲ್ಲಿ ಕಾರಣ ಬಹುಪಾಲು ಮಾತುಕತೆಯ ರೀತಿಯಲ್ಲಿರುತ್ತದೆ. ಹೆಚ್ಚಿನ ಇನ್ವರ್ಟರುಗಳು ಮಾಡ್‌ಬಸ್ ಎಂಬ ಭಾಷೆಯನ್ನಾಡುತ್ತವೆ. ಇದು 1979ರಲ್ಲಿ ಅಮೆರಿಕದ ಮಾಡಿಕಾನ್ ಕಂಪನಿ ಕಾರ್ಖಾನೆಯ ಯಂತ್ರಗಳಿಗೆಂದು ಮಾಡಿದ ಪದ್ಧತಿ: ಒಬ್ಬ ಕೇಳುತ್ತಾನೆ, ಇನ್ನೊಬ್ಬ ಉತ್ತರ ಕೊಡುತ್ತಾನೆ. ಕೆಲವು ಇನ್ವರ್ಟರುಗಳು ಒಂದು ಸಲಕ್ಕೆ ಒಬ್ಬನ ಸಂಪರ್ಕವನ್ನು ಮಾತ್ರ ಒಪ್ಪುತ್ತವೆ. ಮನೆಯ ಕಂಪ್ಯೂಟರು ಒಂದು ಕಡೆ, ಹಾಕಿಕೊಟ್ಟವರ ಫೋನು ಇನ್ನೊಂದು ಕಡೆ, ಬ್ಯಾಟರಿಯ ನಿಯಂತ್ರಕ ಮತ್ತೊಂದು ಕಡೆ ಕೇಳತೊಡಗಿದರೆ ಯಾರಿಗೂ ಉತ್ತರ ಸಿಗುವುದಿಲ್ಲ. ಕೇಳುವವನು ಒಬ್ಬನೇ ಇರಲಿ. ಉಳಿದವರು ಅವನಿಂದ ತಿಳಿದುಕೊಳ್ಳಲಿ. ಸೆಕೆಂಡಿಗೊಮ್ಮೆ ಕೇಳುವಂತೆ ಇಟ್ಟಿದ್ದರೆ 30 ಸೆಕೆಂಡಿಗೊಮ್ಮೆ ಎಂದು ಬದಲಿಸಿ, ಉತ್ತರಕ್ಕೆ ಕಾಯುವ ಅವಧಿಯನ್ನೂ ಸ್ವಲ್ಪ ಹೆಚ್ಚಿಸಿರಿ. ತೊಟ್ಟಿ ತುಂಬುವ ಕೆಲಸಕ್ಕೆ ಸೆಕೆಂಡಿನ ಲೆಕ್ಕ ಬೇಕಿಲ್ಲ.

ವೈಫೈಗಿಂತ ತಂತಿ ಎಂದಿದ್ದರೂ ನಂಬಿಕಸ್ಥ. ಇನ್ವರ್ಟರಿನಲ್ಲಿ ಆರ್‌ಎಸ್-485 ಕಿಂಡಿ ಇದ್ದರೆ ಹೆಣೆದ ಜೋಡಿತಂತಿಯನ್ನು ಎಳೆಯಬಹುದು. ಕಡಿಮೆ ವೇಗದಲ್ಲಿ ಇದು 1200 ಮೀಟರ್‌ವರೆಗೂ ಕೆಲಸಮಾಡುತ್ತದೆ. ತಂತಿಯ ಎರಡೂ ತುದಿಯಲ್ಲಿ 120 ಓಮಿನ ತಡೆ ಇರಲಿ, ಎ ಮತ್ತು ಬಿ ಅದಲುಬದಲಾಗದಿರಲಿ, ಮೋಟಾರಿನ ತಂತಿಯ ಪಕ್ಕದಲ್ಲಿ ಒಂದೇ ಪೈಪಿನಲ್ಲಿ ಹೋಗದಿರಲಿ. ಏಪ್ರಿಲ್-ಮೇ ತಿಂಗಳ ಸಿಡಿಲಿನ ಹೆದರಿಕೆ ಇರುವುದರಿಂದ ತೋಟದ ನಡುವೆ ಹಾಯುವ ಉದ್ದದ ತಂತಿಗೆ ಸಿಡಿಲು ರಕ್ಷಕವನ್ನು ಹಾಕಿಸದೆ ಇರಬಾರದು.

ನಿಜವಾದ ಅಪಾಯ ಎಲ್ಲಿದೆ

ಇಷ್ಟೆಲ್ಲ ಮಾಡಿದರೂ ಸಂಪರ್ಕ ಎಂದಾದರೊಂದು ದಿನ ತಪ್ಪಿಯೇ ತಪ್ಪುತ್ತದೆ. ಆ ದಿನ ಏನಾಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಸದಸ್ಯರು ಗಮನವಿಟ್ಟು ಓದಬೇಕಾದ ಭಾಗ ಇದು.

‘ಸೌರ ವಿದ್ಯುತ್ತು 1000 ವಾಟಿಗಿಂತ ಹೆಚ್ಚಾದರೆ ಮೋಟಾರು ಓಡಲಿ, 500ಕ್ಕಿಂತ ಕಡಿಮೆಯಾದರೆ ನಿಲ್ಲಲಿ’ ಎಂಬ ನಿಯಮ ಇದೆಯೆನ್ನಿ. ಮೋಟಾರು ಓಡುತ್ತಿರುವಾಗ ಸಂಪರ್ಕ ಕಡಿಯಿತು. ಕಂಪ್ಯೂಟರಿಗೆ ಈಗ ಯಾವ ಅಂಕಿಯೂ ಇಲ್ಲ, ಇಲ್ಲವೇ ಕೊನೆಯ ಅಂಕಿಯೇ ಹೆಪ್ಪುಗಟ್ಟಿ ನಿಂತಿದೆ. 500ಕ್ಕಿಂತ ಕಡಿಮೆ ಎಂಬ ಸುದ್ದಿ ಬರುವುದೇ ಇಲ್ಲವಾದ್ದರಿಂದ ಮೋಟಾರಿಗೆ ನಿಲ್ಲುವ ಆಜ್ಞೆಯೂ ಇಲ್ಲ. ತೊಟ್ಟಿ ತುಂಬಿ ಹರಿಯುತ್ತದೆ; ಬಾವಿಯ ನೀರು ಇಳಿದರೆ ಪಂಪು ಒಣಗಿ ಓಡಿ ಸುಡುತ್ತದೆ. ಫ್ಯಾನು ನಿಂತಿರುವಾಗ ಸಂಪರ್ಕ ಕಡಿದರೆ ಇದರ ತಿರುವುಮುರುವು: ಬೇಯಿಸಿದ ಅಡಿಕೆ, ತೊಳೆದ ಪಾರ್ಚ್‌ಮೆಂಟ್ ಕಾಫಿ ಗಾಳಿಯಿಲ್ಲದೆ ಕೂತು ಬೂಷ್ಟು ಹಿಡಿಯುತ್ತದೆ. ಒಂದು ವರ್ಷದ ಬೆಳೆಯನ್ನು ಒಂದು ವೈಫೈ ತುಣುಕಿನ ಮೇಲೆ ಬಿಡುವುದು ಜಾಣತನವಲ್ಲ.

ಇದಕ್ಕೆ ಪರಿಹಾರ ಸುಲಭವಾಗಿದೆ. ಐದು ನಿಮಿಷ ಹೊಸ ಅಂಕಿ ಬಾರದಿದ್ದರೆ ಮೋಟಾರು ಮತ್ತು ಗೀಸರು ನಿಲ್ಲಲಿ, ಒಣಗಿಸುವ ಫ್ಯಾನು ಲೈನಿನ ಕರೆಂಟಿನಿಂದಲೇ ಓಡಲಿ ಎಂಬ ನಿಯಮವನ್ನು ಬರೆಸಿರಿ. ಪ್ರತಿಯೊಂದು ಯಂತ್ರಕ್ಕೂ ಸುದ್ದಿಯಿಲ್ಲದಾಗ ಯಾವ ಸ್ಥಿತಿ ಕ್ಷೇಮವೋ ಅದನ್ನು ಮೊದಲೇ ತೀರ್ಮಾನಿಸಬೇಕು. ಅದು ಕಂಪ್ಯೂಟರು ತಿಳಿದವನ ತೀರ್ಮಾನವಲ್ಲ, ಬೆಳೆ ತಿಳಿದವನ ತೀರ್ಮಾನ. ಆ ಕಂಪ್ಯೂಟರೇ ಕೆಟ್ಟು ಕೂತರೆ ಯಾವ ನಿಯಮವೂ ನಡೆಯುವುದಿಲ್ಲವಾದ್ದರಿಂದ ತೊಟ್ಟಿಗೆ ತೇಲುಸ್ವಿಚ್ಚು, ಪಂಪಿಗೆ ಒಣ ಓಟದ ತಡೆ, ಜೊತೆಗೆ ಕೈಯಿಂದ ಹಾಕಿ ತೆಗೆಯುವ ಒಂದು ಸ್ವಿಚ್ಚು ಇವು ಯಾವ ವೈಫೈಯನ್ನೂ ಅವಲಂಬಿಸದೆ ಇರಲೇಬೇಕು. ಮನೆಯಲ್ಲಿರುವ ಹೆಂಗಸರಿಗೂ ಆಳುಗಳಿಗೂ ಆ ಸ್ವಿಚ್ಚು ಎಲ್ಲಿದೆಯೆಂದು ತಿಳಿದಿರಲಿ.

ಹೊಸದಾಗಿ ಹಾಕಿಸುವ ಸದಸ್ಯರು ಹಣ ಕೊಡುವ ಮೊದಲೇ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ: ಕಂಪನಿಯ ದೂರದ ಸರ್ವರಿನ ಹಂಗಿಲ್ಲದೆ ಮನೆಯೊಳಗೇ ಅಂಕಿಗಳನ್ನು ಓದಲು ಬರುತ್ತದೆಯೇ, ಅದಕ್ಕೆ ಬೇಕಾದ ಮಾಡ್‌ಬಸ್ ಪಟ್ಟಿಯನ್ನು ಕೊಡುತ್ತಾರೆಯೇ, ಗುಪ್ತಪದ ಮನೆಯ ಯಜಮಾನನ ಕೈಯಲ್ಲಿರುತ್ತದೆಯೇ. ಈಗಾಗಲೇ ಹಾಕಿಸಿದವರು ಮಗ ಮುಂದಿನ ರಜೆಗೆ ಬರುವ ಹೊತ್ತಿಗೆ ಒಂದು ವಾರದ ಲೆಕ್ಕವನ್ನು ಬರೆದಿಟ್ಟಿರಲಿ. ಒಂದು ಮಧ್ಯಾಹ್ನ ರೂಟರನ್ನು ಬೇಕೆಂದೇ ಆರಿಸಿ, ಐದು ನಿಮಿಷದಲ್ಲಿ ಮೋಟಾರು ನಿಲ್ಲುತ್ತದೆಯೇ ಎಂದು ಇಬ್ಬರೂ ನಿಂತು ನೋಡಲಿ. ನಿಂತರೆ ವ್ಯವಸ್ಥೆ ಸರಿಯಾಗಿದೆ. ನಿಲ್ಲದಿದ್ದರೆ, ಅಡಿಕೆ ಒಣಗಿಸುವ ಕಾಲ ಬರುವ ಮುನ್ನವೇ ತಿದ್ದಿಕೊಳ್ಳಲು ವೇಳೆ ಇರುತ್ತದೆ.