ನರತಂತುವಿನ ತುದಿಯಲ್ಲೊಂದು ಕಾರ್ಖಾನೆ

ಸುಗ್ಗಿಯ ಕಾಲ. ಧಾರವಾಡದ ಸಮೀಪದ ಹೊಲವೊಂದರಲ್ಲಿ ಜೋಳ ಕೊಯ್ಯುತ್ತಿದ್ದವನ ಕುಡುಗೋಲು ಜಾರಿ, ಮಣಿಕಟ್ಟಿನಲ್ಲಿ ಹಾಯ್ದುಹೋಗುವ ನರವೊಂದು ತುಂಡಾಯಿತೆಂದು ಭಾವಿಸೋಣ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ನರದ ಎರಡು ತುದಿಗಳನ್ನೂ ಜೋಡಿಸಿ ಹೊಲಿಯುತ್ತಾರೆ. ಕೆಲವು ವಾರಗಳಲ್ಲಿ ಮೇಲಿನ ಗಾಯ ಮಾಯುತ್ತದೆ. ಆದರೆ ಬೆರಳಿನ ತುದಿಗೆ ಸ್ಪರ್ಶಜ್ಞಾನ ಮರಳಬೇಕಾದರೆ ಸುಮಾರು ಆರು ತಿಂಗಳು ಕಾಯಬೇಕು. ಏಕೆಂದರೆ, ಮೂಲದಿಂದ ಬೇರ್ಪಟ್ಟ ಹೊರಭಾಗದ ತಂತುಗಳು ನಶಿಸಿಹೋಗುತ್ತವೆ. ಒಳಭಾಗದ ಮೊಂಡುತುದಿಯಿಂದ ಹೊಸ ತಂತುಗಳು ಚಿಗುರಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆರಳಿನ ಕಡೆಗೆ ತೆವಳಬೇಕು.

ಈ ಹೊಸ ಚಿಗುರಿಗೆ ಬೇಕಾದ ಸಾಮಗ್ರಿ ಎಲ್ಲಿಂದ ಬರುತ್ತದೆ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಇದಕ್ಕೆ ತೃಪ್ತಿಕರವಾದ ಉತ್ತರ ದೊರೆಯಲು ಶಾಸ್ತ್ರಜ್ಞರಿಗೆ ಅರ್ಧ ಶತಮಾನವೇ ಹಿಡಿಯಿತು.

ಒಂದು ಕೋಣೆ, ನೂರು ಕಿಲೋಮೀಟರಿನ ಓಣಿ

ನಮ್ಮ ದೇಹದ ಇತರ ಜೀವಕೋಶಗಳಂತೆ ನರಕೋಶಕ್ಕೂ ಒಂದು ಕಾಯವಿದೆ, ಅದರೊಳಗೆ ಕೋಶಕೇಂದ್ರವಿದೆ. ಆದರೆ ಈ ಕಾಯದಿಂದ ಹೊರಡುವ ಶಾಖೆಗಳೇ ನರಕೋಶದ ವೈಶಿಷ್ಟ್ಯ. ಸುದ್ದಿಯನ್ನು ಬರಮಾಡಿಕೊಳ್ಳುವ ಚಿಕ್ಕ ಟಿಸಿಲುಗಳಿಗೆ ಡೆಂಡ್ರೈಟುಗಳೆಂದು ಹೆಸರು. ಸುದ್ದಿಯನ್ನು ದೂರಕ್ಕೆ ಸಾಗಿಸುವ ಒಂಟಿ ನೀಳತಂತುವಿಗೆ ಆಕ್ಸಾನು ಎಂದು ಹೆಸರು. ನಾವು ಇಲ್ಲಿ ಅದನ್ನು ನರತಂತುವೆಂದು ಕರೆಯೋಣ.

ಕಾಲಿನ ಬೆರಳನ್ನು ಮಡಿಸುವ ಸ್ನಾಯುವಿಗೆ ಆಜ್ಞೆಯನ್ನೊಯ್ಯುವ ನರಕೋಶದ ಕಾಯವು ಬೆನ್ನುಹುರಿಯ ಕೆಳಭಾಗದಲ್ಲಿದೆ. ಅದರ ಅಗಲ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವೆಂದು ಇಟ್ಟುಕೊಳ್ಳೋಣ. ಅದರಿಂದ ಹೊರಟ ತಂತುವಾದರೋ ಪಾದದವರೆಗೆ ಹೋಗಬೇಕು. ಅದರ ಉದ್ದ ಒಂದು ಮೀಟರಿಗೆ ಸಮೀಪ. ಈ ಪ್ರಮಾಣವನ್ನು ಮನಸ್ಸಿಗೆ ತಂದುಕೊಳ್ಳಲು ಎಲ್ಲವನ್ನೂ ಒಂದು ಲಕ್ಷ ಪಟ್ಟು ಹಿಗ್ಗಿಸಿ ನೋಡಬಹುದು. ಆಗ ಕೋಶದ ಕಾಯವು ಹುಬ್ಬಳ್ಳಿಯಲ್ಲಿರುವ ಐದು ಮೀಟರು ಅಗಲದ ಒಂದು ಕೋಣೆಯಾಗುತ್ತದೆ. ನರತಂತುವು ಆ ಕೋಣೆಯಿಂದ ಹೊರಟು, ಧಾರವಾಡ ಮತ್ತು ಕಿತ್ತೂರುಗಳನ್ನು ದಾಟಿ, ಬೆಳಗಾವಿಯ ಆಸುಪಾಸಿನವರೆಗೆ ಸಾಗುವ, ಕೇವಲ ಒಂದು ಮೀಟರು ಅಗಲದ ಓಣಿಯಾಗುತ್ತದೆ!

ಈ ಓಣಿಯ ಗೋಡೆ, ನೆಲ, ಅದರೊಳಗಿನ ಯಂತ್ರಗಳು, ಇವುಗಳಲ್ಲಿ ಬಹುಭಾಗ ಪ್ರೋಟೀನುಗಳಿಂದ ಆದುದು. ಪ್ರೋಟೀನುಗಳಾದರೂ ಶಾಶ್ವತವಲ್ಲ, ಕೆಲವು ದಿನಗಳಲ್ಲೋ ವಾರಗಳಲ್ಲೋ ಅವು ಸವೆದು, ಹೊಸವು ಅವುಗಳ ಸ್ಥಾನಕ್ಕೆ ಬರಬೇಕು. ಪ್ರೋಟೀನಿನ ತಯಾರಿಕೆಯ ಕ್ರಮವನ್ನು ವಿದ್ಯಾರ್ಥಿಗಳು ಬಲ್ಲರು. ಕೋಶಕೇಂದ್ರದಲ್ಲಿರುವ ಡಿ.ಎನ್.ಎ. ಎಂಬ ಮೂಲಗ್ರಂಥದಿಂದ ಬೇಕಾದ ಪುಟದ ನಕಲು ತಯಾರಾಗುತ್ತದೆ. ಈ ನಕಲೇ ಸಂದೇಶವಾಹಕ ಆರ್.ಎನ್.ಎ. ರೈಬೋಸೋಮುಗಳೆಂಬ ಅತಿಸೂಕ್ಷ್ಮ ಯಂತ್ರಗಳು ಈ ನಕಲನ್ನು ಓದಿ, ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿ ಪ್ರೋಟೀನನ್ನು ಸಿದ್ಧಪಡಿಸುತ್ತವೆ.

ಹಳೆಯ ಸಿದ್ಧಾಂತ ಮತ್ತು ಅದರ ಲೆಕ್ಕ

1948ರಲ್ಲಿ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ಎಂಬ ಅಮೆರಿಕದ ವಿಜ್ಞಾನಿಗಳು ಪ್ರಾಣಿಗಳ ನರವನ್ನು ಒಂದೆಡೆ ಬಿಗಿದು, ಆಗುವ ಪರಿಣಾಮವನ್ನು ವರದಿಮಾಡಿದರು. ಕಾಲುವೆಗೆ ಒಡ್ಡು ಹಾಕಿದಾಗ ನೀರು ಮೇಲ್ಭಾಗದಲ್ಲಿ ನಿಲ್ಲುವಂತೆ, ಬಿಗಿದ ಸ್ಥಳದಿಂದ ಕೋಶಕಾಯದ ಕಡೆಗೆ ತಂತುಗಳು ಉಬ್ಬಿಕೊಂಡವು. ಬಿಗಿತವನ್ನು ಸಡಿಲಿಸಿದೊಡನೆ ಆ ಸಂಗ್ರಹವು ದಿನಕ್ಕೆ ಒಂದೆರಡು ಮಿಲಿಮೀಟರಿನಂತೆ ಮುಂದಕ್ಕೆ ಸರಿಯಿತು. ಇದರಿಂದ ಕೋಶಕಾಯವು ಎಡೆಬಿಡದೆ ಸಾಮಗ್ರಿಯನ್ನು ತಯಾರಿಸಿ ತಂತುವಿನೊಳಕ್ಕೆ ನೂಕುತ್ತಿದೆ ಎಂಬುದು ಸ್ಪಷ್ಟವಾಯಿತು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬಳಕೆಗೆ ಬಂದಾಗ, ಕೋಶಕಾಯದಲ್ಲಿ ರೈಬೋಸೋಮುಗಳು ಕಿಕ್ಕಿರಿದು ಕಂಡವು. ಬೆಳೆದ ನರತಂತುವಿನಲ್ಲಿ ಅವು ಕಾಣಲಿಲ್ಲ. ಯಂತ್ರವಿಲ್ಲದೆಡೆ ತಯಾರಿಕೆ ಎಲ್ಲಿಯದು? ಪ್ರೋಟೀನೆಲ್ಲವೂ ಕೋಶಕಾಯದಲ್ಲಿಯೇ ಆಗುತ್ತದೆ, ತಂತುವು ಕೇವಲ ಸಾಗಣೆಯ ಹಾದಿ ಎಂಬ ಮಾತು ಪಠ್ಯಪುಸ್ತಕಗಳನ್ನು ಸೇರಿತು.

ಆದರೆ ಲೆಕ್ಕ ಹಾಕಿ ನೋಡಿದರೆ ಒಂದು ತೊಡಕು ಕಾಣುತ್ತದೆ. ದಿನಕ್ಕೆ ಒಂದು ಮಿಲಿಮೀಟರಿನಂತೆ ಸಾಗುವ ಪ್ರೋಟೀನು ಒಂದು ಮೀಟರನ್ನು ಕ್ರಮಿಸಲು ಸಾವಿರ ದಿನಗಳು, ಎಂದರೆ ಸುಮಾರು ಎರಡೂ ಮುಕ್ಕಾಲು ವರ್ಷ ಬೇಕು. ನಮ್ಮ ಹಿಗ್ಗಿಸಿದ ಚಿತ್ರದಲ್ಲಿ ಇದು, ಹುಬ್ಬಳ್ಳಿಯಿಂದ ಹೊರಟ ಬಂಡಿಯು ದಿನಕ್ಕೆ ನೂರು ಮೀಟರು ಮಾತ್ರ ನಡೆದು ಬೆಳಗಾವಿಯನ್ನು ಸೇರಿದಂತೆ. ಹೇರಿದ ಸರಕು ಅಷ್ಟು ಕಾಲ ಕೆಡದೆ ಉಳಿಯುವುದೆ? ತಂತುವಿನಲ್ಲಿ ವೇಗದ ಸಾಗಣೆಯೂ ಉಂಟೆಂದು ಮುಂದೆ ತಿಳಿದುಬಂದಿತು. ಅದರ ವೇಗ ದಿನಕ್ಕೆ 200ರಿಂದ 400 ಮಿಲಿಮೀಟರು. ಆದರೆ ಈ ವೇಗದ ಬಂಡಿಯಲ್ಲಿ ಮುಖ್ಯವಾಗಿ ಪೊರೆಯಿಂದಾದ ಚೀಲಗಳೇ ಹೋಗುತ್ತವೆ. ತಂತುವಿನ ಹಂದರಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವು ನಿಧಾನದ ಬಂಡಿಯನ್ನೇ ಏರಬೇಕು.

ಬೆಕ್ಕಿನ ನರ ನುಡಿದ ಸಾಕ್ಷ್ಯ

ಈ ಸಿದ್ಧಾಂತಕ್ಕೆ ಮೊದಲ ಪೆಟ್ಟು ಬಿದ್ದುದು 1960ರಲ್ಲಿ. ಅಮೆರಿಕದ ಎಡ್ವರ್ಡ್ ಕೋನಿಗ್ ಮತ್ತು ಜಾರ್ಜ್ ಕೆಲ್ ಎಂಬವರು ಬೆಕ್ಕಿನ ನರಗಳಲ್ಲಿರುವ ಒಂದು ಕಿಣ್ವವನ್ನು ವಿಷದಿಂದ ಶಾಶ್ವತವಾಗಿ ನಿಷ್ಕ್ರಿಯಗೊಳಿಸಿದರು. ಕೆಟ್ಟ ಕಿಣ್ವ ಮತ್ತೆ ಸರಿಯಾಗಲಾರದು; ಹೊಸ ಕಿಣ್ವವೇ ಹುಟ್ಟಬೇಕು. ಅದು ಕೋಶಕಾಯದಲ್ಲಿ ಮಾತ್ರ ಹುಟ್ಟುವುದಾದರೆ, ಕಾಯಕ್ಕೆ ಹತ್ತಿರವಾದ ಭಾಗದಲ್ಲಿ ಮೊದಲು, ದೂರದ ಭಾಗದಲ್ಲಿ ಬಹಳ ತಡವಾಗಿ ಕಾಣಿಸಿಕೊಳ್ಳಬೇಕಷ್ಟೆ. ಆದರೆ ನಡೆದುದೇ ಬೇರೆ. ನರದ ಉದ್ದಕ್ಕೂ, ಹತ್ತಿರ ದೂರಗಳ ಭೇದವಿಲ್ಲದೆ, ಕಿಣ್ವವು ಏಕಕಾಲದಲ್ಲಿ ಹೆಚ್ಚತೊಡಗಿತು. ಕೆರೆಯ ನೀರು ಕಾಲುವೆಯಲ್ಲಿ ಹರಿದು ಗದ್ದೆಗಳನ್ನು ಒಂದಾದಮೇಲೊಂದರಂತೆ ತೋಯಿಸುವುದು ಒಂದು ರೀತಿ. ಮಳೆ ಬಿದ್ದು ಎಲ್ಲ ಗದ್ದೆಗಳೂ ಒಮ್ಮೆಗೇ ತೋಯುವುದು ಇನ್ನೊಂದು ರೀತಿ. ಇಲ್ಲಿ ಕಂಡುದು ಎರಡನೆಯದು.

ಆದರೂ ವಿರೋಧಿಗಳು ಸುಮ್ಮನಾಗಲಿಲ್ಲ. ನರತಂತುವನ್ನು ಸುತ್ತಿಕೊಂಡಿರುವ ಕವಚಕೋಶಗಳು ಈ ಕಿಣ್ವವನ್ನು ತಯಾರಿಸಿ ತಂತುವಿಗೆ ಕೊಟ್ಟಿರಬಾರದೇಕೆ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಇದನ್ನು ಪರೀಕ್ಷಿಸಲು ದಪ್ಪನಾದ ತಂತು ಬೇಕಾಗಿತ್ತು. ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್ ಜಾತಿಯ ಕಡಲ ಜೀವಿಯ ದೈತ್ಯತಂತುವು ಸುಮಾರು ಅರ್ಧದಿಂದ ಒಂದು ಮಿಲಿಮೀಟರು ದಪ್ಪವಿರುತ್ತದೆ. ಕೊಳವೆಯಿಂದ ಹಿಂಡುವಂತೆ ಅದರೊಳಗಿನ ರಸವನ್ನು ಬೇರ್ಪಡಿಸಬಹುದು. 1968ರಲ್ಲಿ ಇಟಲಿಯ ಆಂಟೋನಿಯೋ ಜ್ಯುಡಿಟಾ ಮತ್ತು ಅವರ ಸಹೋದ್ಯೋಗಿಗಳು, ಕೋಶಕಾಯದಿಂದ ಬೇರ್ಪಡಿಸಿದ ಇಂತಹ ತಂತುವಿಗೆ ವಿಕಿರಣದಿಂದ ಗುರುತು ಮಾಡಿದ ಅಮೈನೋ ಆಮ್ಲವನ್ನು ಒದಗಿಸಿದರು. ಆ ಗುರುತು ಪ್ರೋಟೀನಿನಲ್ಲಿ ಸೇರಿಕೊಂಡುದು ಕಂಡುಬಂದಿತು. ಆದರೆ ಕವಚಕೋಶಗಳು ತಂತುವಿಗೆ ಪ್ರೋಟೀನನ್ನು ದಾನಮಾಡುವುದೂ ನಿಜವೆಂದು ಮುಂದಿನ ಪ್ರಯೋಗಗಳು ತೋರಿಸಿದುದರಿಂದ ವಿವಾದವು ದೀರ್ಘಕಾಲ ಉಳಿಯಿತು.

ಹಾಗಾದರೆ ಸೂಕ್ಷ್ಮದರ್ಶಕಕ್ಕೆ ರೈಬೋಸೋಮುಗಳು ಕಾಣದೆ ಹೋದುದೇಕೆ? ಅವು ಇರಲಿಲ್ಲವೆಂದಲ್ಲ, ವಿರಳವಾಗಿದ್ದವು. 1996ರಲ್ಲಿ ಅದೇ ಕೋನಿಗ್, ಗೋಲ್ಡ್‌ಫಿಶ್ ಎಂಬ ಮೀನಿನ ದಪ್ಪ ನರತಂತುವನ್ನು ಪರೀಕ್ಷಿಸಿ, ರೈಬೋಸೋಮುಗಳು ತಂತುವಿನ ಅಂಚಿನಲ್ಲಿ ಅಲ್ಲಲ್ಲಿ ಗುಂಪುಗೂಡಿ ಇರುವುದನ್ನು ತೋರಿಸಿದರು. ತೀರ ತೆಳುವಾದ ಅಡ್ಡಸೀಳಿನಲ್ಲಿ ಇಂತಹ ಗುಂಪೊಂದು ಸಿಕ್ಕುವುದು, ನೂರು ಕಿಲೋಮೀಟರಿನ ಹಾದಿಯಲ್ಲಿ ಕಣ್ಣುಮುಚ್ಚಿ ಕಾಲಿಟ್ಟೆಡೆಯಲ್ಲೆಲ್ಲ ಚಹದ ಅಂಗಡಿ ಸಿಕ್ಕಿದಂತೆ ಅಪರೂಪ. ಕಾಣದಿರುವುದೆಲ್ಲ ಇಲ್ಲವೆಂದಾಗುವುದಿಲ್ಲ ಎಂಬ ಪಾಠವನ್ನು ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಕಲಿಯಬೇಕು.

ಕಾಯವಿಲ್ಲದ ತುದಿಯ ಸಾಹಸ

ಬೆಳೆಯುತ್ತಿರುವ ನರತಂತುವಿನ ತುದಿಯು ಪುಟ್ಟ ಅಂಗೈಯಂತೆ ಹರಡಿಕೊಂಡಿರುತ್ತದೆ. ಸುತ್ತಲಿನ ರಾಸಾಯನಿಕಗಳ ಸುಳಿವು ಹಿಡಿದು, ಕೆಲವುಗಳ ಕಡೆಗೆ ತಿರುಗುತ್ತ, ಕೆಲವುಗಳಿಂದ ದೂರ ಸರಿಯುತ್ತ ಅದು ದಾರಿ ಹುಡುಕುತ್ತದೆ. 2001ರಲ್ಲಿ ಕೇಂಬ್ರಿಜ್‌ನ ಡಗ್ಲಸ್ ಕ್ಯಾಂಪ್‌ಬೆಲ್ ಮತ್ತು ಕ್ರಿಸ್ಟೀನ್ ಹೋಲ್ಟ್ ಒಂದು ನೇರವಾದ ಪ್ರಯೋಗವನ್ನು ಪ್ರಕಟಿಸಿದರು. ಆಫ್ರಿಕದ ಕಪ್ಪೆಯ ಮರಿಯ ಕಣ್ಣಿನಿಂದ ಬೆಳೆಸಿದ ತಂತುಗಳ ತುದಿಯನ್ನು ಅವರು ಕೋಶಕಾಯದಿಂದ ಕತ್ತರಿಸಿ ಬೇರ್ಪಡಿಸಿದರು. ಒಂಟಿಯಾದ ಆ ತುದಿಯು ನೆಟ್ರಿನ್ ಎಂಬ ಪದಾರ್ಥದ ಕಡೆಗೆ ಎಂದಿನಂತೆಯೇ ತಿರುಗಿತು! ಆದರೆ ಪ್ರೋಟೀನಿನ ತಯಾರಿಕೆಯನ್ನು ತಡೆಯುವ ಔಷಧವನ್ನು ಹಾಕಿದೊಡನೆ ಅದು ದಿಕ್ಕುಗೆಟ್ಟಿತು. ಸುತ್ತಲೂ ಕವಚಕೋಶವಿಲ್ಲ, ಹಿಂದೆ ಕೋಶಕಾಯವಿಲ್ಲ; ತುದಿಯು ತನಗೆ ಬೇಕಾದುದನ್ನು ತಾನೇ, ಅದೂ ಕೆಲವೇ ನಿಮಿಷಗಳಲ್ಲಿ, ತಯಾರಿಸಿಕೊಂಡಿತೆಂದು ಒಪ್ಪದೆ ಗತ್ಯಂತರವಿರಲಿಲ್ಲ.

ತಿರುಗುವ ಬಗೆಯೂ ಮುಂದೆ ತಿಳಿಯಿತು. ನೆಟ್ರಿನ್ ಇರುವ ಪಕ್ಕದಲ್ಲಿ ಆಕ್ಟಿನ್ ಎಂಬ ಪ್ರೋಟೀನು ಹೆಚ್ಚಾಗಿ ತಯಾರಾಗುತ್ತದೆಂದು 2006ರಲ್ಲಿ ಕಂಡುಬಂದಿತು. ತುದಿಯ ಹಂದರವು ಈ ಆಕ್ಟಿನ್ನಿನ ಎಳೆಗಳಿಂದಾದುದು. ಒಂದು ಪಕ್ಕದಲ್ಲಿ ಹಂದರ ಬೆಳೆದರೆ ತುದಿಯು ಆ ಕಡೆಗೆ ಬಾಗುತ್ತದೆ.

ಸರಕಿಗೆ ಬದಲು ನಕಲು

ಸ್ಥಳೀಯ ತಯಾರಿಕೆಯ ಗುಟ್ಟು ಇರುವುದು ಸಂದೇಶವಾಹಕ ಆರ್.ಎನ್.ಎ.ಯಲ್ಲಿ. ಬೆಳಗಾವಿಯಲ್ಲಿ ಸಾವಿರ ಕುರ್ಚಿಗಳು ಬೇಕಾದರೆ ಹುಬ್ಬಳ್ಳಿಯಿಂದ ಸಾವಿರ ಕುರ್ಚಿಗಳನ್ನು ಹೇರಿ ಕಳಿಸಬಹುದು. ಇಲ್ಲವೆ ಕುರ್ಚಿಯ ನಕ್ಷೆಯೊಂದನ್ನು ಕಳಿಸಿ, ಅಲ್ಲಿನ ಬಡಿಗನಿಂದ ಮಾಡಿಸಬಹುದು. ಒಂದು ನಕಲಿನಿಂದ ಅನೇಕ ಪ್ರೋಟೀನುಗಳನ್ನು ತಯಾರಿಸಬಹುದಾದ್ದರಿಂದ ನರಕೋಶವು ಎರಡನೆಯ ಉಪಾಯವನ್ನೂ ಹಿಡಿದಿದೆ.

ಯಾವ ನಕಲು ದೂರಕ್ಕೆ ಹೋಗಬೇಕೆಂಬುದು ನಕಲಿನಲ್ಲಿಯೇ ಬರೆದಿರುತ್ತದೆ. ಅಂಚೆಯ ಲಕೋಟೆಯ ಮೇಲಿನ ವಿಳಾಸದಂತೆ, ಆಕ್ಟಿನ್ನಿನ ಆರ್.ಎನ್.ಎ.ಯ ಕೊನೆಯಲ್ಲಿ ಒಂದು ವಿಶಿಷ್ಟ ಭಾಗವಿದೆ. ಅದನ್ನು ಗುರುತಿಸುವ ಪ್ರೋಟೀನೊಂದು ಬಂದು ಅಂಟಿಕೊಂಡು, ನಕಲನ್ನು ಪೊಟ್ಟಣ ಕಟ್ಟುತ್ತದೆ. ಸೂಕ್ಷ್ಮನಳಿಗೆಗಳೆಂಬ ಹಳಿಗಳ ಮೇಲೆ ಈ ಪೊಟ್ಟಣವು ಸಾಗುತ್ತದೆ. ದಾರಿಯಲ್ಲಿ ಅದು ಮೊಹರು ಒಡೆಯದ ಪತ್ರದಂತೆ ಮೌನವಾಗಿರುತ್ತದೆ. ತುದಿಯಲ್ಲಿ ತಕ್ಕ ಸುಳಿವು ದೊರೆತಾಗ ಮೊಹರು ಬಿಚ್ಚುತ್ತದೆ, ರೈಬೋಸೋಮುಗಳು ಓದತೊಡಗುತ್ತವೆ.

ಗಾಯದ ಸುದ್ದಿಯೂ ಇದೇ ರೀತಿ ತಲುಪುತ್ತದೆ. ಕಿತ್ತೂರಿನ ಬಳಿ ಓಣಿ ಕುಸಿದರೆ ಹುಬ್ಬಳ್ಳಿಯ ಕೋಣೆಗೆ ತಿಳಿಯುವುದೆಂತು? 2003ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಇದಕ್ಕೆ ಉತ್ತರದ ಒಂದು ಭಾಗವನ್ನು ಕಂಡರು. ತಂತು ತುಂಡಾದ ಸ್ಥಳದಲ್ಲಿಯೇ ಇಂಪಾರ್ಟಿನ್ ಎಂಬ ಪ್ರೋಟೀನು ಹೊಸದಾಗಿ ತಯಾರಾಗುತ್ತದೆ. ಅದು ಇತರ ಪ್ರೋಟೀನುಗಳೊಡನೆ ಕೂಡಿ, ಹಿಮ್ಮುಖವಾಗಿ ಸಾಗುವ ಗಾಡಿಯನ್ನೇರಿ ಕೋಶಕಾಯವನ್ನು ಸೇರುತ್ತದೆ. ಆ ಬಳಿಕ ಕೋಶವು ದುರಸ್ತಿಯ ಕಾರ್ಯಕ್ರಮವನ್ನು ಕೈಗೊಳ್ಳುತ್ತದೆ.

ನೆನಪು, ರೋಗ ಮತ್ತು ನಮ್ಮ ನಾಡಿನ ಸಂಶೋಧನೆ

ಈ ವ್ಯವಸ್ಥೆ ಎಳೆಯ ತಂತುಗಳಿಗೆ ಮಾತ್ರ ಸೀಮಿತವಲ್ಲ. ಬೆಳೆದ ಇಲಿಯಂತಹ ಪ್ರಾಣಿಗಳ ಮಿದುಳಿನಲ್ಲಿ ನರತಂತುಗಳ ತುದಿಗಳನ್ನು ಪರೀಕ್ಷಿಸಿದ ಜರ್ಮನಿಯ ತಂಡವೊಂದು, ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ರೈಬೋಸೋಮುಗಳನ್ನು ಹೊಂದಿವೆಯೆಂದು 2019ರಲ್ಲಿ ವರದಿಮಾಡಿತು. ಒಂದು ನರಕೋಶವು ಇನ್ನೊಂದನ್ನು ಮುಟ್ಟುವ ಸಿನಾಪ್ಸು ಎಂಬ ಸಂಧಿಸ್ಥಾನಗಳು ಕಲಿಕೆಯಿಂದ ಬಲಗೊಳ್ಳುತ್ತವೆ. ಸಾವಿರಾರು ಸಂಧಿಗಳಲ್ಲಿ ಬೇಕಾದ ಒಂದನ್ನು ಮಾತ್ರ ಬಲಪಡಿಸಲು ಸ್ಥಳೀಯ ತಯಾರಿಕೆಗಿಂತ ಅನುಕೂಲವಾದ ಸಾಧನ ಯಾವುದು?

ಸಂಧಿಯ ಇನ್ನೊಂದು ಮಗ್ಗುಲಿನಲ್ಲಿ, ಎಂದರೆ ಸುದ್ದಿಯನ್ನು ಪಡೆಯುವ ಡೆಂಡ್ರೈಟಿನಲ್ಲಿ ನಡೆಯುವ ಇಂತಹದೇ ತಯಾರಿಕೆಯು ನಮ್ಮ ರಾಜ್ಯದಲ್ಲಿಯೂ ಸಂಶೋಧನೆಯ ವಿಷಯವಾಗಿದೆ. ರವಿ ಮುದ್ದಶೆಟ್ಟಿಯವರು ಅಮೆರಿಕದಲ್ಲಿ ಗ್ಯಾರಿ ಬ್ಯಾಸೆಲ್ ಮೊದಲಾದವರೊಡನೆ 2011ರಲ್ಲಿ ಪ್ರಕಟಿಸಿದ ಪ್ರಬಂಧವು, ಎಫ್.ಎಂ.ಆರ್.ಪಿ. ಎಂಬ ಪ್ರೋಟೀನು ಕಿರಿಯ ಆರ್.ಎನ್.ಎ.ಯೊಂದರ ನೆರವಿನಿಂದ ಸಂಧಿಯ ಮುಖ್ಯ ಪ್ರೋಟೀನೊಂದರ ತಯಾರಿಕೆಯನ್ನು ಹೇಗೆ ತಡೆಹಿಡಿಯುತ್ತದೆ, ಸಂಕೇತ ಬಂದೊಡನೆ ಹೇಗೆ ಬಿಡುತ್ತದೆ ಎಂಬುದನ್ನು ತೋರಿಸಿತು. ಬಳಿಕ ಅವರು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಈ ಅಧ್ಯಯನವನ್ನು ಮುಂದುವರಿಸಿದರು. ಎಫ್.ಎಂ.ಆರ್.ಪಿ. ಎಂಬ ಈ ಕಡಿವಾಣವು ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲಿ ಫ್ರಜೈಲ್ ಎಕ್ಸ್ ಎಂಬ ಬುದ್ಧಿಮಾಂದ್ಯದ ಸ್ಥಿತಿ ಉಂಟಾಗುತ್ತದೆ. ವಂಶಾನುಗತವಾದ ಬುದ್ಧಿಮಾಂದ್ಯದ ಕಾರಣಗಳಲ್ಲಿ ಇದು ಪ್ರಮುಖವಾದುದು. ಎಳೆಯ ಮಕ್ಕಳ ಸ್ನಾಯುಗಳನ್ನು ಕುಗ್ಗಿಸುವ ಎಸ್.ಎಂ.ಎ. ಎಂಬ ರೋಗದಲ್ಲಿಯೂ, ಆಕ್ಟಿನ್ನಿನ ನಕಲು ನರತಂತುವಿನ ತುದಿಯನ್ನು ಸರಿಯಾಗಿ ಸೇರುವುದಿಲ್ಲವೆಂದು 2003ರಲ್ಲಿ ಇಲಿಗಳ ನರಕೋಶಗಳಲ್ಲಿ ಕಂಡುಬಂದಿದೆ. ರೋಗಕ್ಕೆ ಇದೊಂದೇ ಕಾರಣವೆಂದು ಹೇಳುವಂತಿಲ್ಲ; ಆದರೆ ವಿಳಾಸ ತಪ್ಪಿದ ಪತ್ರವೂ ಅನರ್ಥಕ್ಕೆ ಕಾರಣವಾಗಬಹುದೆಂದು ಇದರಿಂದ ತಿಳಿಯುತ್ತದೆ.

ಹೀಗೆಂದ ಮಾತ್ರಕ್ಕೆ ಹಳೆಯ ಸಿದ್ಧಾಂತವೆಲ್ಲ ಸುಳ್ಳೆಂದು ತಿಳಿಯಬಾರದು. ನರತಂತುವಿನ ಪ್ರೋಟೀನುಗಳಲ್ಲಿ ಹೆಚ್ಚಿನ ಪಾಲು ಈಗಲೂ ಕೋಶಕಾಯದಿಂದಲೇ ಬರುತ್ತದೆ. ನಕಲುಗಳೂ ಅಲ್ಲಿಂದಲೇ ಹೊರಡಬೇಕು. ವೈಸ್ ಕಂಡ ಪ್ರವಾಹ ನಿಜ. ಕೋನಿಗ್ ಕಂಡ ಮಳೆಯೂ ನಿಜ. ದೂರದ ಊರು ರಾಜಧಾನಿಯನ್ನು ನಂಬಿಯೂ ಇರಬೇಕು, ತುರ್ತಿನ ಹೊತ್ತಿಗೆ ತನ್ನ ಕೈಗೆಲಸವನ್ನೂ ಬಲ್ಲುದಾಗಿರಬೇಕು.

ನಮ್ಮ ರೈತನ ಮಣಿಕಟ್ಟಿಗೆ ಮರಳೋಣ. ಅವನ ನರದ ಮೊಂಡುತುದಿಯಲ್ಲಿ ಗಾಯದ ಸುದ್ದಿಯನ್ನು ಒಯ್ಯುವ ಪ್ರೋಟೀನು ಅಲ್ಲಿಯೇ ತಯಾರಾಗಿ ಮೇಲಕ್ಕೆ ಹೊರಟಿದೆ. ಮೇಲಿನಿಂದ ಸಾಮಗ್ರಿಯೂ ನಕಲುಗಳೂ ಇಳಿದುಬರುತ್ತಿವೆ. ಹೊಸ ತುದಿಯು ತನಗೆ ಬೇಕಾದುದನ್ನು ತಕ್ಕಮಟ್ಟಿಗೆ ತಾನೇ ಮಾಡಿಕೊಳ್ಳುತ್ತ ಬೆರಳಿನ ಕಡೆಗೆ ಸರಿಯುತ್ತಿದೆ. ದಿನಕ್ಕೆ ಒಂದು ಮಿಲಿಮೀಟರು! ಈ ನಡಿಗೆಯನ್ನು ತುಸು ತ್ವರೆಗೊಳಿಸುವ ಉಪಾಯ ದೊರೆತರೆ ಎಷ್ಟೋ ಕೈಗಳು ಸೊರಗುವ ಮುನ್ನವೇ ಮತ್ತೆ ಕೆಲಸಕ್ಕೆ ಬಂದಾವು. ಆ ಉಪಾಯವನ್ನು ಅರಸುವವರು ಇಂದು ನರತಂತುವಿನ ಈ ಪುಟ್ಟ ಕಾರ್ಖಾನೆಯ ಬಾಗಿಲನ್ನೂ ತಟ್ಟುತ್ತಿದ್ದಾರೆ.