ಗರ್ಭಿಣಿಗೆ ಮೊಟ್ಟೆ ಬೇಕು, ಆದರೆ ಬೆಂದಿರಬೇಕು

ಮನೆಯಲ್ಲಿ ಹೆಣ್ಣುಮಗಳೊಬ್ಬಳು ಬಸುರಿಯಾದಳೆಂದರೆ ಅವಳ ಊಟದ ಬಗ್ಗೆ ಸಲಹೆ ನೀಡಲು ಎಲ್ಲರೂ ಮುಂದಾಗುತ್ತಾರೆ. ಮೊಟ್ಟೆಯ ವಿಷಯದಲ್ಲಂತೂ ಈ ಸಲಹೆಗಳಿಗೆ ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ‘ಮೊಟ್ಟೆ ಉಷ್ಣ, ಗರ್ಭ ನಿಲ್ಲುವುದಿಲ್ಲ’ ಎಂದು ಒಬ್ಬರು ಹೆದರಿಸುತ್ತಾರೆ. ‘ನಾಟಿ ಕೋಳಿಯ ಮೊಟ್ಟೆಯನ್ನು ಹಸಿಯಾಗಿಯೇ ಹಾಲಿಗೆ ಹಾಕಿ ಕುಡಿಸಿ’ ಎಂದು ಇನ್ನೊಬ್ಬರು ಒತ್ತಾಯಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಎರಡೂ ತಪ್ಪು. ಮೊದಲನೆಯದು ಆಕೆಯಿಂದ ಒಳ್ಳೆಯ ಆಹಾರವನ್ನು ಕಸಿಯುತ್ತದೆ, ಎರಡನೆಯದು ಬೇಡದ ಅಪಾಯಕ್ಕೆ ಒಡ್ಡುತ್ತದೆ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಗುಣಮಟ್ಟದ ಪ್ರೋಟೀನ್ ಇದೆ. ಶಿಶುವಿನ ಮೆದುಳಿನ ಬೆಳವಣಿಗೆಗೆ ಬೇಕಾದ ಕೋಲೀನ್ ಹಾಗೂ ಬಿ12 ಜೀವಸತ್ವ ಹೆಚ್ಚಾಗಿ ಹಳದಿ ಭಾಗದಲ್ಲಿವೆ. ಹಳದಿಯನ್ನು ಎಸೆದು ಬಿಳಿಯನ್ನಷ್ಟೇ ತಿನ್ನುವ ನಗರದ ರೂಢಿ ಗರ್ಭಿಣಿಗೆ ಹೊಂದುವಂಥದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಮೊಟ್ಟೆಯೊಂದೇ ಇದಕ್ಕೆ ಮದ್ದಲ್ಲ, ಕಬ್ಬಿಣಾಂಶದ ಮಾತ್ರೆ ಬಿಡುವಂತಿಲ್ಲ. ಆದರೆ ಇಷ್ಟು ಅಗ್ಗದಲ್ಲಿ ಇಷ್ಟೊಂದು ಪೋಷಣೆ ನೀಡುವ ಪದಾರ್ಥಗಳು ಹೆಚ್ಚಿಲ್ಲ. ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ‘ಮಾತೃಪೂರ್ಣ’ ಯೋಜನೆಯ ಬಿಸಿಯೂಟದಲ್ಲಿ ಮೊಟ್ಟೆಗೆ ಸ್ಥಾನ ದೊರೆತದ್ದು ಈ ಕಾರಣದಿಂದಲೇ.

ಇನ್ನು ಅಪಾಯದ ಮಾತು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚಿಪ್ಪಿನ ಮೇಲಿನ ಹಿಕ್ಕೆಯಿಂದ ಬರಬಹುದು. ಸೋಂಕು ತಗುಲಿದ ಕೋಳಿಯ ಅಂಡಾಶಯದಿಂದ ನೇರವಾಗಿ ಮೊಟ್ಟೆಯೊಳಗೂ ಸೇರಬಹುದು. ಆದ್ದರಿಂದ ಚಿಪ್ಪು ಎಷ್ಟೇ ಸ್ವಚ್ಛವಾಗಿದ್ದರೂ, ಕೋಳಿ ನಾಟಿಯದೇ ಆಗಿದ್ದರೂ ಹಸಿ ಮೊಟ್ಟೆಗೆ ಖಾತರಿಯಿಲ್ಲ. ಈ ಸೋಂಕು ಸಾಮಾನ್ಯವಾಗಿ ಶಿಶುವನ್ನು ತಲುಪುವುದಿಲ್ಲ. ಆದರೆ ವಾಂತಿ, ಭೇದಿ, ಜ್ವರದಿಂದ ತಾಯಿ ನಿತ್ರಾಣಳಾಗುತ್ತಾಳೆ. ಅಪರೂಪಕ್ಕೆ ಸೋಂಕು ರಕ್ತಕ್ಕಿಳಿದು ಗರ್ಭಕ್ಕೂ ಕುತ್ತು ತರಬಹುದು.

ಬ್ರಿಟನ್ನಿನ ಅನುಭವ ಇಲ್ಲಿ ಪಾಠವಾಗಬೇಕು. ಅಲ್ಲಿನ ಮೊಟ್ಟೆ ಉತ್ಪಾದನೆಯ ಬಹುಪಾಲಿಗೆ ಸಾಲ್ಮೊನೆಲ್ಲಾ ತಗುಲಿದೆ ಎಂದು 1988ರಲ್ಲಿ ಹೇಳಿದ ಕಿರಿಯ ಆರೋಗ್ಯ ಸಚಿವೆ ಎಡ್ವಿನಾ ಕರಿ ಎರಡೇ ವಾರದಲ್ಲಿ ರಾಜೀನಾಮೆ ಕೊಡಬೇಕಾಯಿತು. ಆದರೆ 1998ರಿಂದ ಕೋಳಿಗಳಿಗೆ ಲಸಿಕೆ ಹಾಕಿ, ಮೊಟ್ಟೆಗೆ ಸಿಂಹದ ಮುದ್ರೆಯೊತ್ತುವ ವ್ಯವಸ್ಥೆ ಬಂತು. ಅಂತಹ ಮೊಟ್ಟೆಯನ್ನು ಗರ್ಭಿಣಿಯರು ಅರೆಬೆಂದಿದ್ದರೂ ತಿನ್ನಬಹುದೆಂದು ಅಲ್ಲಿನ ಆಹಾರ ಸಂಸ್ಥೆ 2017ರಲ್ಲಿ ಹೇಳಿತು. ಆ ಮಾತನ್ನು ಅಂತರಜಾಲದಲ್ಲಿ ಓದಿ ಇಲ್ಲಿ ಅನುಸರಿಸುವಂತಿಲ್ಲ, ನಮ್ಮ ಬೀದಿಯಂಗಡಿಯ ಮೊಟ್ಟೆಯ ಮೇಲೆ ಆ ಮುದ್ರೆಯಿಲ್ಲ. ನೆರೆಯ ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮೇಯನೇಸ್ ಅನ್ನು ನಿಷೇಧಿಸಿದ್ದನ್ನೂ ಮರೆಯಬಾರದು.

ಹಾಗಾದರೆ ಮಾಡಬೇಕಾದದ್ದೇನು? ಬಿರುಕು ಬಿಟ್ಟ ಮೊಟ್ಟೆಯನ್ನು ಅಗ್ಗವೆಂದು ತರಬೇಡಿ. ತಂದದ್ದನ್ನು ತೊಳೆದು ಇಡಬೇಡಿ, ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರಿನೊಡನೆ ರೋಗಾಣುಗಳೂ ಒಳಸೇರಬಹುದು. ಫ್ರಿಜ್ಜಿನಲ್ಲಿಡಿ, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಕುದಿಯುವ ನೀರಿನಲ್ಲಿ 10–12 ನಿಮಿಷ ಬೇಯಿಸಿ; ಬಿಳಿ, ಹಳದಿ ಎರಡೂ ಗಟ್ಟಿಯಾಗಿರಬೇಕು. ಆಮ್ಲೆಟ್ಟಿನ ಎರಡೂ ಬದಿ ಬೇಯಬೇಕು. ‘ಹಾಫ್ ಬಾಯಿಲ್’, ‘ಬುಲ್ಸ್ ಐ’ಗಳ ಆಸೆಯನ್ನು ಹೆರಿಗೆಯವರೆಗೆ ಮುಂದೂಡಿ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಮೊಟ್ಟೆ ಒಗ್ಗದವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಮೊಟ್ಟೆ ತಿನ್ನದ ಮನೆತನದವರಿಗೆ ಹಾಲು, ಬೇಳೆಕಾಳುಗಳಿವೆ. ಅವರನ್ನು ಬಲವಂತ ಮಾಡಬೇಕಿಲ್ಲ. ಆದರೆ ತಿನ್ನುವ ಮನೆಯಲ್ಲಿ, ತಿನ್ನಬೇಕೆನ್ನುವ ಗರ್ಭಿಣಿಗೆ ‘ಉಷ್ಣ’ದ ಹೆಸರಿನಲ್ಲಿ ಅದನ್ನು ತಪ್ಪಿಸುವ ಹಕ್ಕು ಅತ್ತೆಗಾಗಲಿ ಗಂಡನಿಗಾಗಲಿ ಇಲ್ಲ. ಅವರಿಗೆ ನಿಜವಾದ ಕಾಳಜಿಯಿದ್ದರೆ ಒಲೆಯ ಮುಂದೆ ಇನ್ನೈದು ನಿಮಿಷ ಹೆಚ್ಚು ನಿಂತು ಅದನ್ನು ಚೆನ್ನಾಗಿ ಬೇಯಿಸಿಕೊಡಲಿ.