ಹಿತ್ತಿಲಿನ ಚೈತ್ರ

ವಸಂತವೆಂದೊಡನೆ ಕಾವ್ಯಾಭ್ಯಾಸಿಗಳ ಕಣ್ಣ ಮುಂದೆ ಮಾಮರ, ಮಲ್ಲಿಗೆ, ತಂಗಾಳಿ, ತುಂಬಿಗಳು ಒಟ್ಟಾಗಿ ಬಂದು ನಿಲ್ಲುತ್ತವೆ. ತರಗತಿಯಲ್ಲಿ ಪಂಪನ ಬನವಾಸಿಯನ್ನು ಪಾಠ ಹೇಳಿ, ಮಧ್ಯಾಹ್ನ ಎರಡು ಗಂಟೆಗೆ ಕಲಬುರಗಿಯ ಬೀದಿಗೆ ಇಳಿಯುವ ಅಧ್ಯಾಪಕನಿಗೆ ಆ ವಸಂತ ಯಾವ ಲೋಕದ್ದೋ ಎನ್ನಿಸದಿರದು. ಆರೇಳು ವರ್ಷಗಳ ಹಿಂದೆ, ಯುಗಾದಿಯ ಮರುವಾರ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸರ, ನಮ್ಮ ಊರಾಗ ವಸಂತ ಎಲ್ಲಿ ಬರ್ತದ್ರಿ?” ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಉತ್ತರ ಹೇಳಲಾಗಲಿಲ್ಲ. ಏಕೆಂದರೆ ಆ ವರ್ಷವೇ ನಾನು ನನ್ನ ಮನೆಗೆ ವಸಂತ ಬರುವ ದಾರಿಯನ್ನು ಕಲ್ಲು ಹಾಸಿ ಮುಚ್ಚಿದ್ದೆ.

ನಮ್ಮ ಮನೆ ಇರುವುದು ಗಾಜಿಪುರದಲ್ಲಿ. ಹಿಂದೆ ಪುಟ್ಟದೊಂದು ಹಿತ್ತಿಲು. ಅದರಲ್ಲಿ ಒಂದು ದಾಸವಾಳ, ಒಂದು ದುಂಡುಮಲ್ಲಿಗೆ, ಒಂದು ಕರಿಬೇವು. ಪಕ್ಕದ ಮನೆಯಿಂದ ನಮ್ಮ ಕಡೆಗೆ ಬಾಗಿದ ಬೇವಿನ ಟೊಂಗೆ. ತೋಟವೆಂದು ಕರೆಯುವಂಥದ್ದೇನೂ ಅಲ್ಲ. ಒಂದು ಮಳೆಗಾಲದಲ್ಲಿ ಅವ್ವ ಅಲ್ಲಿಯ ಕೆಸರಿನಲ್ಲಿ ಜಾರಿಬಿದ್ದು ಮೂರು ವಾರ ಹಾಸಿಗೆ ಹಿಡಿದಳು. ಇನ್ನು ತಡಮಾಡುವುದು ಸಲ್ಲದೆಂದು ಗೌಂಡಿಯನ್ನು ಕರೆಸಿದೆ. ಶಹಾಬಾದಿನ ಕಲ್ಲು ನಮ್ಮ ಜಿಲ್ಲೆಯದೇ. ನುಣುಪು, ಗಟ್ಟಿ, ದೊರಕುವುದೂ ಸುಲಭ. “ಪೂರಾ ಹಾಕಿಬಿಡ್ರಿ ಸರ. ಕಸ ಇಲ್ಲ, ಕೆಸರಿಲ್ಲ” ಎಂದ ಗೌಂಡಿ. ಎರಡು ದಿನಗಳಲ್ಲಿ ಗೋಡೆಯಿಂದ ಗೋಡೆಗೆ ಪರಸಿ ಕೂತಿತು. ಗಿಡಗಳು ಹೋದವು. ಹಿತ್ತಿಲು ಕನ್ನಡಿಯಂತೆ ಹೊಳೆಯಿತು.

ಮುಂದಿನ ಚೈತ್ರದಲ್ಲಿ ಅದರ ಬೆಲೆ ತಿಳಿಯಿತು. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ಇರುಳು ಹತ್ತರವರೆಗೂ ಝಳ ಉಗುಳುತ್ತಿತ್ತು. ಬೇವು ಎಂದಿನಂತೆ ಹೂಬಿಟ್ಟಿತು. ಆದರೆ ಉದುರಿದ ಹೂ ಕಾದ ಹೆಂಚಿನ ಮೇಲೆ ಬಿದ್ದಂತೆ ಕ್ಷಣದಲ್ಲಿ ಸುರುಟುತ್ತಿತ್ತು. ಹುಣಸೆ, ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ ಸೇರಿಸಿ ನಮ್ಮ ಕಡೆ ಯುಗಾದಿಗೆ ಕುಡಿಯುವ ಬೇವಿಗಾಗಿ ಅವ್ವ ಹೂ ಆರಿಸುತ್ತಿದ್ದಳು. ಎದ್ದು ಸುತ್ತ ನೋಡಿ, “ಈ ಸಲ ಒಂದು ಹಕ್ಕೀನೂ ಇಣುಕಲಿಲ್ಲಲ್ಲೋ ತಮ್ಮಾ” ಎಂದಳು. ಬಿದ್ದು ನೋವುಂಡವಳು ಅವಳು. ಆ ಮಾತನ್ನು ಆಡಿದವಳೂ ಅವಳೇ. ಅದರ ಮರುವಾರವೇ ಆ ಹುಡುಗನ ಪ್ರಶ್ನೆ.

ಗೌಂಡಿಯನ್ನು ಮತ್ತೆ ಕರೆಸಿದೆ. ಅವ್ವ ನಡೆದಾಡುವ ದಾರಿಯ ಕಲ್ಲು ಹಾಗೆಯೇ ಇರಲೆಂದು ಹೇಳಿ, ಗೋಡೆಯ ಬದಿಯ ಎರಡಡಿ ಚೌಕದ ಆರು ಕಲ್ಲುಗಳನ್ನು ಮಾತ್ರ ಎಬ್ಬಿಸಿದೆವು. ಒಟ್ಟು 24 ಚದರ ಅಡಿ. ಕೆಳಗಿನ ಮೊರಮು ತೆಗೆದು, ಕರಿಮಣ್ಣಿಗೆ ತಿಪ್ಪೆಗೊಬ್ಬರ ಬೆರೆಸಿ ತುಂಬಿ, ಹೋದ ಗಿಡಗಳನ್ನೇ ಮತ್ತೆ ನೆಟ್ಟೆವು, ಜೊತೆಗೊಂದು ನಿಂಬೆ. ದಾಸವಾಳದಲ್ಲಿ ಸುತ್ತುದಾಸವಾಳ ಬೇಡವೆಂದು ಐದೆಸಳಿನ ಕೆಂಪನ್ನೇ ಆರಿಸಿದೆ. ಕಣ್ಣಿಗೆ ತುಂಬಾ ಕಾಣುವ ಹೂ ಹಕ್ಕಿಯ ಹೊಟ್ಟೆ ತುಂಬಿಸಬೇಕೆಂದೇನೂ ಇಲ್ಲ. ಮಕರಂದಕ್ಕೆ ದಾರಿ ತೆರೆದಿರುವುದು ಸರಳವಾದ ಹೂವಿನಲ್ಲಿಯೇ.

ಮೊದಲು ಬಂದದ್ದು ನಿಂಬೆ ಚಿಟ್ಟೆ. ಕಪ್ಪು ರೆಕ್ಕೆಯ ಮೇಲೆ ಹಳದಿ ಮಚ್ಚೆ. ಅದು ಹೂವಿಗೆಂದು ಬರಲಿಲ್ಲ, ಎಳೆಯ ಎಲೆಗೆಂದು ಬಂತು. ಕರಿಬೇವಿನ ಚಿಗುರಿನ ಮೇಲೆ ಒಂದೊಂದೇ ತತ್ತಿಯಿಟ್ಟು ಹೋಯಿತು. ಎಳೆಯ ಹುಳು ನೋಡಲು ಹಕ್ಕಿಯ ಹಿಕ್ಕೆಯಂತೆ. ಹೀಗಾಗಿ ಅದರ ತಂಟೆಗೆ ಹೋಗುವವರು ಕಡಿಮೆ. ಬೆಳೆದಂತೆ ಎಲೆಯದೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬು ಚಾಚಿ, ಘಾಟು ವಾಸನೆ ಬೀರಿ ಹೆದರಿಸುತ್ತದೆ. ಆ ಸಲ ಕರಿಬೇವು ಅರ್ಧ ಬೋಳಾಯಿತು. ಒಗ್ಗರಣೆಗೆ ಎಲೆ ಬೇಕಾದವರು ಔಷಧಿ ಹೊಡೆಯೋಣವೆಂದರು. ಹುಳುವಿಗೆ ವಿಷವಿಟ್ಟು ಚಿಟ್ಟೆಗೆ ಆಮಂತ್ರಣವೀಯುವುದು ಹೇಗೆ? ಎಲೆಯನ್ನು ಪೇಟೆಯಿಂದ ತಂದೆವು. ಗಿಡ ತಿಂಗಳೊಳಗೆ ಮತ್ತೆ ಚಿಗುರಿತು.

ಎರಡನೆಯ ವರ್ಷ ಸೂರಕ್ಕಿ ಬಂತು. ಹೆಬ್ಬೆರಳುದ್ದದ ದೇಹ, ಬಾಗಿದ ಕೊಕ್ಕು. ಬಿಸಿಲು ಬಿದ್ದರೆ ಗಂಡಿನ ಮೈ ನೀಲಿಯಾಗಿ ಮಿಂಚುತ್ತದೆ. ದಾಸವಾಳದ ಎದುರು ನಿಂತು ಬೇಡುವ ವಿನಯ ಅದಕ್ಕಿಲ್ಲ. ಬುಡದಲ್ಲಿ ಕನ್ನ ಕೊರೆದು ಜೇನು ಹೀರುತ್ತದೆ. ಹೆಣ್ಣು ಬಟ್ಟೆ ಒಣಹಾಕುವ ತಂತಿಗೆ ಚೀಲದಂಥ ಗೂಡನ್ನು ಕಟ್ಟತೊಡಗಿತು. ಒಣ ಎಲೆ, ತೊಗಟೆಯ ಚೂರು, ನಾರು ಎಲ್ಲವನ್ನೂ ಬೆಸೆಯಲು ಬಳಸಿದ್ದು ಜೇಡರ ಬಲೆ. ಹಬ್ಬ ಬಂದಾಗಲೆಲ್ಲ ಪೊರಕೆ ಹಿಡಿದು ಮೂಲೆ ಮೂಲೆಯ ಜೇಡರ ಬಲೆ ತೆಗೆಯುವ ನಾವು, ಒಂದು ಹಕ್ಕಿಯ ಮನೆಯ ಗಾರೆಯನ್ನೇ ಬಳಿದು ಚೆಲ್ಲುತ್ತೇವೆಂಬುದು ಆಗ ತಿಳಿಯಿತು. ಆ ತಿಂಗಳು ನಮ್ಮ ಬಟ್ಟೆಗಳೆಲ್ಲ ಮಾಳಿಗೆಯ ಮೇಲೆ ಒಣಗಿದವು.

ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರು ನಮ್ಮದು. ಇಲ್ಲಿ ಹೂವಿಗಿಂತ ಮೊದಲು ಬೇಕಾದದ್ದು ನೀರು. ಅಗಲ ಬಾಯಿಯ, ಆಳವಿಲ್ಲದ ಮಣ್ಣಿನ ತಟ್ಟೆಯನ್ನು ನೆರಳಿನಲ್ಲಿಟ್ಟು, ನಡುವೆ ಕೂರಲೊಂದು ಕಲ್ಲಿಟ್ಟರೆ ಸಾಕು. ನಿತ್ಯ ನೀರು ಬದಲಿಸಿದರೆ ಸೊಳ್ಳೆಯ ಭಯವಿಲ್ಲ. ಗೋಡೆಯ ಮೇಲೆ ಕಮಲಾಪುರದ ಕೆಂಪು ಬಾಳೆಯ ಅರ್ಧ ಹಣ್ಣಿಟ್ಟ ದಿನ ಪಿಕಳಾರಕ್ಕೂ ಅಳಿಲಿಗೂ ವ್ಯಾಜ್ಯವೇ ನಡೆಯಿತು. ಇದೇನೂ ಹೊಸ ಧರ್ಮವಲ್ಲ. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆನಿಂತ ಶರಣಬಸವೇಶ್ವರರು, ಹೊಲದಲ್ಲಿ ಜೋಳ ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಕುಡಿಯಲು ನೀರನ್ನೂ ಇಟ್ಟರೆಂಬ ಐತಿಹ್ಯ ನಮ್ಮಲ್ಲಿ ಮನೆಮಾತಾಗಿದೆ. ಹೋಳಿಯ ನಂತರ ಅವರ ತೇರು ಎಳೆಯಲು ಸೇರುವ ಸಾವಿರಾರು ಕೈಗಳು, ಮನೆಗೆ ಹೋಗಿ ಒಂದೊಂದು ತಟ್ಟೆ ನೀರಿಟ್ಟರೆ ಬೇಸಗೆಯ ಕಷ್ಟ ಎಷ್ಟೋ ಕಡಿಮೆಯಾದೀತು.

ಎಲ್ಲವೂ ಮರಳಿತೆಂದು ಹೇಳಲಾರೆ. ಗುಬ್ಬಿ ಬಂದಿಲ್ಲ. 2010ರಿಂದ ಮಾರ್ಚ್ 20ನ್ನು ಜಗತ್ತು ಗುಬ್ಬಚ್ಚಿಯ ದಿನವೆಂದು ಆಚರಿಸುತ್ತದೆ. ನಾನೂ ಒಂದು ವರ್ಷ ಆ ದಿನ ಮರದ ಪೆಟ್ಟಿಗೆಯೊಂದನ್ನು ಗೋಡೆಗೆ ತೂಗುಹಾಕಿದೆ. ಅದು ಇಂದಿಗೂ ಖಾಲಿ. ಗುಬ್ಬಿ ಕಾಳು ತಿಂದು ಬದುಕಬಹುದು, ಮರಿಗಳಿಗೆ ಹುಳುಹುಪ್ಪಟೆ ಬೇಕು. ಹೊರಳಾಡಲು ಒಣಮಣ್ಣಿನ ಧೂಳು ಬೇಕು. ಒಂದು ಮನೆಯ ಆರು ಕಲ್ಲು ಅದಕ್ಕೆ ಸಾಲದು. ಓಣಿಯ ಹತ್ತು ಮನೆಗಳು ಆರಾರು ಕಲ್ಲು ಎಬ್ಬಿಸಿದರೆ 240 ಚದರ ಅಡಿಯಾಗುತ್ತದೆ. ಆಗ ಅದು ಬಂದರೂ ಬಂದೀತು. ಮೊನ್ನೆ ಎದುರುಮನೆಯವರು ಹಾರೆ ಕೇಳಿಕೊಂಡು ಬಂದರು. ಯಾಕೆಂದು ನಾನು ಕೇಳಲಿಲ್ಲ, ಕೊಟ್ಟು ಕಳಿಸಿದೆ.

ಅಂದು ಪ್ರಶ್ನೆ ಕೇಳಿದ ಹುಡುಗ ಈಗ ತಾನೇ ಮೇಷ್ಟರಾಗಿದ್ದಾನೆಂದು ಕೇಳಿದೆ. ಎಲ್ಲಿಯಾದರೂ ಸಿಕ್ಕರೆ ಬಾಕಿ ಉಳಿದ ಉತ್ತರವನ್ನು ಸಲ್ಲಿಸಬೇಕೆಂದಿದ್ದೇನೆ: ತಮ್ಮಾ, ನಮ್ಮ ಊರಿಗೂ ವಸಂತ ಬರುತ್ತದೆ, ಕಾಲೂರಲು ಅದಕ್ಕೆ ಒಂದಿಷ್ಟು ಮಣ್ಣು ಬಿಟ್ಟಿರಬೇಕು, ಅಷ್ಟೆ.